ಮನೆಯ ರೊಟ್ಟಿ, ಚಟ್ನಿಪುಡಿಗೆ ಮೊಬೈಲಿನಲ್ಲಿ ಗಿರಾಕಿ: ಪದೇ ಪದೇ ಕೇಳುವ ಪ್ರಶ್ನೆಗಳು

ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಪ್ಪಿನಕಾಯಿ ಮುಂತಾದವುಗಳನ್ನು ಮನೆಯಲ್ಲೇ ಮಾಡಿ ಮಾರುವ ಉತ್ತರ ಕರ್ನಾಟಕದ ಮಹಿಳೆಯರ ಮತ್ತು ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡುವಾಗ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇವು. ಬೇರೆ ಸಣ್ಣ ವ್ಯಾಪಾರದವರಿಗೂ ಇವುಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ.

ಪ್ರಶ್ನೆ: ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ವಾಟ್ಸ್ಆ್ಯಪ್ ಎಲ್ಲವೂ ಇವೆ. ಯಾವುದರಿಂದ ಶುರು ಮಾಡಬೇಕು?

ವಾಟ್ಸ್ಆ್ಯಪ್‌ನಿಂದಲೇ ಶುರು ಮಾಡಿ. ನಿಮ್ಮ ಕೈರುಚಿ ಗೊತ್ತಿರುವವರು, ಅಂದರೆ ನೆರೆಯವರು, ಬೀಗರು, ಮಕ್ಕಳ ಶಾಲೆಯ ಶಿಕ್ಷಕಿಯರು, ಒಮ್ಮೆ ಮದುವೆಯಲ್ಲಿ ನಿಮ್ಮ ಚಟ್ನಿ ತಿಂದು ಹೊಗಳಿದವರು, ಎಲ್ಲರೂ ಈಗಾಗಲೇ ಅಲ್ಲಿದ್ದಾರೆ. ತಿನ್ನುವ ವಸ್ತುವನ್ನು ಜನ ಕಣ್ಣಿನಿಂದ ನೋಡಿ ಮಾತ್ರ ಕೊಳ್ಳುವುದಿಲ್ಲ. ಗೊತ್ತಿದ್ದವರೊಬ್ಬರು ‘ಚಲೋ ಐತಿ, ತರಿಸಿಕೊಳ್ರಿ’ ಎಂದರೆ ಕೊಳ್ಳುತ್ತಾರೆ. ಆ ಮಾತು ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುವುದು ಹೆಚ್ಚಾಗಿ ವಾಟ್ಸ್ಆ್ಯಪ್‌ನಲ್ಲೇ.

ಸಾಮಾನ್ಯ ವಾಟ್ಸ್ಆ್ಯಪ್ ಬದಲು ವಾಟ್ಸ್ಆ್ಯಪ್ ಬಿಸಿನೆಸ್ ಎಂಬ ಆ್ಯಪ್ ಹಾಕಿಕೊಳ್ಳುವುದು ಒಳ್ಳೆಯದು. 2018ರಲ್ಲಿ ಬಂದ ಈ ಆ್ಯಪ್‌ಗೆ ಹಣ ಕೊಡಬೇಕಿಲ್ಲ. ವಿಳಾಸ, ಕೆಲಸದ ಸಮಯ, ಮಾಡುವ ತಿನಿಸುಗಳ ಫೋಟೊ ಮತ್ತು ಬೆಲೆಯನ್ನು ಕ್ಯಾಟಲಾಗ್‌ನಲ್ಲಿ ಇಡಬಹುದು. ನೀವು ರೊಟ್ಟಿ ಬಡಿಯುತ್ತಿರುವಾಗ ಯಾರಾದರೂ ಕೇಳಿದರೆ ‘ನಮಸ್ಕಾರ, ಸಂಜೆ 4ರ ನಂತರ ಉತ್ತರಿಸುತ್ತೇವೆ’ ಎಂಬ ಸಂದೇಶ ತಾನಾಗಿಯೇ ಹೋಗುವಂತೆ ಮಾಡಬಹುದು. ಇನ್‌ಸ್ಟಾಗ್ರಾಂ ಎರಡನೆಯ ಹೆಜ್ಜೆಯಾಗಲಿ. ಅದಕ್ಕೆ ಮೂರು ತಿಂಗಳು ತಡವಾದರೂ ನಷ್ಟವೇನೂ ಇಲ್ಲ.

ಪ್ರಶ್ನೆ: ಮನೆಯ ನಂಬರ್ ಸಾಕೇ, ಬೇರೆ ಸಿಮ್ ಬೇಕೇ?

ಬೇರೆ ಸಿಮ್ ತೆಗೆದುಕೊಳ್ಳಿ. ಒಂದೇ ಫೋನಿನಲ್ಲಿ ಸಾಮಾನ್ಯ ವಾಟ್ಸ್ಆ್ಯಪ್ ಒಂದು ನಂಬರಿಗೂ ಬಿಸಿನೆಸ್ ಆ್ಯಪ್ ಇನ್ನೊಂದು ನಂಬರಿಗೂ ಇರಬಹುದು. ಪ್ಯಾಕೆಟ್ಟಿನ ಮೇಲೆ ಅಚ್ಚಾದ ನಂಬರ್ ಸಾವಿರಾರು ಜನರ ಕೈ ಸೇರುತ್ತದೆ. ರಾತ್ರಿ ಹನ್ನೊಂದಕ್ಕೆ ಕರೆ ಮಾಡುವವರೂ ಅವರಲ್ಲಿ ಇರುತ್ತಾರೆ. ಸಂಘದ ಹೆಸರಿನ ವ್ಯಾಪಾರವಾಗಿದ್ದರೆ ಇನ್ನೊಂದು ಕಾರಣವೂ ಇದೆ. ಸದಸ್ಯೆಯೊಬ್ಬರ ಸ್ವಂತ ನಂಬರಿನಲ್ಲಿ ಗಿರಾಕಿಗಳೆಲ್ಲ ಸೇರಿಕೊಂಡು, ನಂತರ ಅವರು ಸಂಘ ಬಿಟ್ಟಾಗ ಗಿರಾಕಿಗಳೂ ಅವರ ಜೊತೆಗೇ ಹೋದದ್ದನ್ನು ನಾನು ಕಂಡಿದ್ದೇನೆ. ತಪ್ಪು ಯಾರದೂ ಆಗಿರಲಿಲ್ಲ, ಆದರೆ ಜಗಳ ಮಾತ್ರ ತಪ್ಪಲಿಲ್ಲ.

ಪ್ರಶ್ನೆ: ಗ್ರೂಪ್, ಬ್ರಾಡ್‌ಕಾಸ್ಟ್, ಸ್ಟೇಟಸ್, ಚಾನೆಲ್, ಇವುಗಳಲ್ಲಿ ಯಾವುದನ್ನು ಬಳಸಬೇಕು?

ಗ್ರೂಪ್‌ನಲ್ಲಿ 1024 ಜನರನ್ನು ಸೇರಿಸಬಹುದಾದರೂ ಗಿರಾಕಿಗಳ ಗ್ರೂಪ್ ಮಾಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಗ್ರೂಪ್‌ನಲ್ಲಿ ಪ್ರತಿಯೊಬ್ಬರ ನಂಬರ್ ಉಳಿದವರಿಗೆಲ್ಲ ಕಾಣುತ್ತದೆ, ನಿಮ್ಮನ್ನು ನಂಬಿ ನಂಬರ್ ಕೊಟ್ಟ ಹೆಣ್ಣುಮಕ್ಕಳಿಗೆ ಅಪರಿಚಿತರಿಂದ ಸಂದೇಶ ಬರಲು ಶುರುವಾಗುತ್ತದೆ, ಮತ್ತು ಬೆಳಗಿನ ಶುಭೋದಯದ ಚಿತ್ರಗಳ ನಡುವೆ ನಿಮ್ಮ ರೊಟ್ಟಿ ಕಳೆದುಹೋಗುತ್ತದೆ.

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು ಮತ್ತು ಸಂದೇಶವು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಹೋಗುತ್ತದೆ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ‘ಎಷ್ಟು ಕಳಿಸಿದರೂ ಯಾರೂ ಉತ್ತರಿಸುವುದಿಲ್ಲ’ ಎಂದು ಬೇಸರಿಸಿಕೊಳ್ಳುವವರಲ್ಲಿ ಅನೇಕರಿಗೆ ಈ ಸಂಗತಿ ಗೊತ್ತಿರುವುದಿಲ್ಲ. ಆದ್ದರಿಂದ ಮೊದಲ ಪ್ಯಾಕೆಟ್ ಕೊಡುವಾಗಲೇ ‘ನಮ್ಮ ನಂಬರ್ ಸೇವ್ ಮಾಡ್ಕೊಳ್ರಿ, ಹೊಸದು ಮಾಡಿದಾಗ ತಿಳಿಸ್ತೀವಿ’ ಎಂದು ಬಾಯಿಬಿಟ್ಟು ಹೇಳಿ. ಆ್ಯಪ್‌ನಲ್ಲೇ ಸಿಗುವ ಕ್ಯೂಆರ್ ಕೋಡನ್ನು ಚೀಟಿಯಲ್ಲಿ ಅಚ್ಚುಹಾಕಿಸಿ ಪ್ಯಾಕೆಟ್ಟಿಗೆ ಅಂಟಿಸಿದರೆ ಇನ್ನೂ ಸುಲಭ. ಬ್ರಾಡ್‌ಕಾಸ್ಟ್ ವಾರಕ್ಕೆ ಒಂದು ಸಾಕು.

ಸ್ಟೇಟಸ್ 24 ಗಂಟೆ ಇದ್ದು ಮಾಯವಾಗುವುದರಿಂದ ದಿನವೂ ಹಾಕಿದರೂ ಯಾರಿಗೂ ಕಿರಿಕಿರಿಯಾಗುವುದಿಲ್ಲ, ನೋಡಬೇಕೆನಿಸಿದವರು ನೋಡುತ್ತಾರೆ. ‘ಇವತ್ತು ಅಗಸಿ ಚಟ್ನಿ ಕುಟ್ಟಿದ್ದೇವೆ, 12 ಪ್ಯಾಕೆಟ್ ಇವೆ’ ಎಂಬ ಒಂದು ಸ್ಟೇಟಸ್ ತರುವಷ್ಟು ಆರ್ಡರನ್ನು ನುಣುಪಾದ ಪೋಸ್ಟರ್ ತರುವುದಿಲ್ಲ. ಚಾನೆಲ್ ಎಂದರೆ ನೀವು ಹಾಕಿದ್ದನ್ನು ಫಾಲೋ ಮಾಡಿದವರೆಲ್ಲ ನೋಡುವ ಪುಟ. ಭಾರತದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಬಂದ ಇದರಲ್ಲಿ ಗಿರಾಕಿಗಳ ನಂಬರ್ ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿ ಸಾಲದಷ್ಟು ಜನರಾದ ಮೇಲೆ ಅದನ್ನು ಯೋಚಿಸಿ.

ಪ್ರಶ್ನೆ: ವ್ಯಾಪಾರಕ್ಕೆ ಹೆಸರು ಹೇಗಿರಬೇಕು?

ಏನು ಮಾರುತ್ತೀರಿ, ಎಲ್ಲಿಯವರು ಎಂಬುದು ಹೆಸರಿನಿಂದಲೇ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಕಲಬುರಗಿ ಜಿಲ್ಲೆಯ ಮಹಿಳೆಯರು ಕೂಡಿ ಮಾರುವ ‘ಕಲಬುರಗಿ ರೊಟ್ಟಿ’ 2025ರಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ಪ್ರಸ್ತಾಪವಾಯಿತು, ಊರು ಮತ್ತು ತಿನಿಸು ಎರಡನ್ನೂ ಹೇಳುವ ಆ ಹೆಸರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಬೆಂಗಳೂರು, ಪುಣೆಗಳಲ್ಲಿ ಕೆಲಸಕ್ಕಿರುವ ನಮ್ಮ ಕಡೆಯವರು ಹುಡುಕುವುದೂ ‘ಜೋಳದ ರೊಟ್ಟಿ’, ‘ಶೇಂಗಾ ಚಟ್ನಿ’ ಎಂದೇ. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಪ್ಯಾಕೆಟ್ಟು, ಎಲ್ಲ ಕಡೆಯೂ ಒಂದೇ ಹೆಸರು, ಒಂದೇ ಕಾಗುಣಿತ ಇರಲಿ.

ಪ್ರಶ್ನೆ: ಇನ್‌ಸ್ಟಾಗ್ರಾಂನಲ್ಲಿ ಏನು ಹಾಕಬೇಕೆಂದೇ ತಿಳಿಯುವುದಿಲ್ಲ. ದಿನಾ ಹಾಕಲು ಅಷ್ಟು ವಿಷಯವೆಲ್ಲಿದೆ?

ಮಾಡುವ ಕೆಲಸವೇ ವಿಷಯ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಬಂದ ಮೇಲೆ, ನಿಮ್ಮನ್ನು ಫಾಲೋ ಮಾಡದವರ ಕಣ್ಣಿಗೆ ಬೀಳುವ ಮುಖ್ಯ ದಾರಿ ಕಿರು ವಿಡಿಯೊ ಆಗಿದೆ. ಅದಕ್ಕೆ ಸ್ಟುಡಿಯೊ ಬೇಕಾಗಿಲ್ಲ. ನಾವು ಧಾರವಾಡದ ಹತ್ತಿರದ ಒಂದು ಅಡುಗೆಮನೆಯಲ್ಲಿ ತೆಗೆದ ವಿಡಿಯೊ ನೆನಪಾಗುತ್ತದೆ: ಕೊಣಮಿಗೆಯಲ್ಲಿ ಹಿಟ್ಟು ನಾದುವುದು, ಎರಡೂ ಅಂಗೈಯಿಂದ ತಟ್ಟುತ್ತ ರೊಟ್ಟಿ ತಿರುಗುವುದು, ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರುವುದು, ಕೊನೆಗೆ ಒಣಗಿದ ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದಾಗ ಬರುವ ‘ಟಕ್’ ಎಂಬ ಸದ್ದು. ಅರ್ಧ ನಿಮಿಷವೂ ಇರಲಿಲ್ಲ, ಹಿನ್ನೆಲೆ ಸಂಗೀತವೂ ಇರಲಿಲ್ಲ. ಆ ‘ಟಕ್’ ಕೇಳಿ ಊರು ಬಿಟ್ಟು ಹೋದ ಎಷ್ಟೋ ಜನ ಸಂದೇಶ ಕಳಿಸಿದರು. ಒಬ್ಬರು ‘ಅಕ್ಕಾವ್ರೇ, ನಮ್ಮವ್ವನ ಮನಿ ನೆನಪಾತ್ರಿ’ ಎಂದು ಬರೆದರು.

ವಾರಕ್ಕೆ ಎರಡು ವಿಡಿಯೊ ಹಾಕಿದರೆ ಸಾಕು. ದಿನಕ್ಕೊಂದು ಎಂದು ಹೊರಟವರು ತಿಂಗಳೊಳಗೆ ದಣಿದು ಬಿಡುವುದೇ ಹೆಚ್ಚು. ಗಿರಾಕಿಗಳು ಕೇಳುವ ಪ್ರಶ್ನೆಗಳನ್ನೇ ವಿಡಿಯೊ ಮಾಡಿ: ರೊಟ್ಟಿ ಎಷ್ಟು ದಿನ ಇರುತ್ತದೆ, ಮೆತ್ತಗಾದರೆ ಏನು ಮಾಡಬೇಕು, ಬ್ಯಾಡಗಿ ಮೆಣಸಿನಕಾಯಿ ಹಾಕಿದ ಚಟ್ನಿ ಕೆಂಪಗಿದ್ದರೂ ಅಷ್ಟು ಖಾರ ಏಕಿಲ್ಲ. ಬೆಲೆ, ವಾಟ್ಸ್ಆ್ಯಪ್ ನಂಬರ್ ಮತ್ತು ಕಳಿಸುವ ವಿಧಾನ ಇರುವ ಪೋಸ್ಟ್‌ಗಳನ್ನು ಪುಟದ ಮೇಲ್ತುದಿಯಲ್ಲಿ ಪಿನ್ ಮಾಡಿಡಿ.

ಪ್ರಶ್ನೆ: ಒಳ್ಳೆಯ ಕ್ಯಾಮೆರಾ ಇಲ್ಲ. ಫೋಟೊ ಚೆನ್ನಾಗಿ ಬರುವುದು ಹೇಗೆ?

ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಅಡುಗೆಮನೆಯ ಫೋನಿನ ಲೆನ್ಸ್ ಮೇಲೆ ಎಣ್ಣೆಯ ಪಸೆ ಇದ್ದೇ ಇರುತ್ತದೆ. ಟ್ಯೂಬ್‌ಲೈಟ್ ಆರಿಸಿ, ಬೆಳಿಗ್ಗೆ ಕಿಟಕಿಯ ಪಕ್ಕ ತಟ್ಟೆಯಿಟ್ಟು, ಬೆಳಕು ಒಂದು ಬದಿಯಿಂದ ಬೀಳುವಂತೆ ತೆಗೆಯಿರಿ. ಚಟ್ನಿಪುಡಿಯನ್ನು ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲೇ ತೋರಿಸದೆ, ರೊಟ್ಟಿಯ ಮೇಲೆ ಒಂದು ಚಮಚ ಹಾಕಿ, ನಡುವೆ ಕುಳಿ ಮಾಡಿ ಎಣ್ಣೆ ಬಿಟ್ಟು ತೋರಿಸಿ. ಬೇರೆಯವರ ಫೋಟೊ ಎತ್ತಿ ಹಾಕಬೇಡಿ. ತರಿಸಿಕೊಂಡವರಿಗೆ ಫೋಟೊದಲ್ಲಿ ಕಂಡದ್ದೇ ಸಿಗಬೇಕು.

ಪ್ರಶ್ನೆ: ಇಂಗ್ಲಿಷಿನಲ್ಲಿ ಬರೆದರೆ ಹೆಚ್ಚು ಜನಕ್ಕೆ ತಲುಪುತ್ತದೆಯಲ್ಲವೇ?

ನಿಮ್ಮ ರೊಟ್ಟಿಯನ್ನು ಹಂಬಲಿಸುವವರು ಕನ್ನಡದವರು, ಆದ್ದರಿಂದ ಕನ್ನಡದಲ್ಲೇ ಬರೆಯಿರಿ. ಬಾಯಿ ಮಾತಿನ ವಿಡಿಯೊಗಳಲ್ಲಿ ನಿಮ್ಮ ಕಡೆಯ ಮಾತನ್ನೇ ಆಡಿ. ಗ್ರಂಥಭಾಷೆಗೆ ತಿದ್ದಿಕೊಂಡರೆ ಮಾತು ಬಿಗಿಯುತ್ತದೆ. ಟೈಪ್ ಮಾಡಲು ಕಷ್ಟವಾದರೆ ಕೀಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದೆ. ಹೊರಗಿನವರಿಗೂ ಮಾರುವ ಆಸೆಯಿದ್ದರೆ ಕೆಳಗೆ ಒಂದು ಸಾಲು ಇಂಗ್ಲಿಷ್ ಸೇರಿಸಿ.

ಪ್ರಶ್ನೆ: ಬೆಲೆ ಬರೆಯಬೇಕೇ? ಅನೇಕರು ‘ಬೆಲೆಗೆ ಸಂದೇಶ ಕಳಿಸಿ’ ಎನ್ನುತ್ತಾರಲ್ಲ?

ಬರೆಯಲೇಬೇಕು, ತೂಕ ಅಥವಾ ಎಣಿಕೆಯ ಸಮೇತ. ಬೆಲೆ ಕೇಳಲು ಸಂಕೋಚಪಡುವವರು ಕೇಳದೇ ಮುಂದೆ ಹೋಗುತ್ತಾರೆ.

ಪ್ರಶ್ನೆ: ರೀಲ್ಸ್‌ಗೆ ಸಿನಿಮಾ ಹಾಡು ಹಾಕಬಹುದೇ?

ವ್ಯಾಪಾರದ ಖಾತೆಗಳಿಗೆ ಇನ್‌ಸ್ಟಾಗ್ರಾಂ ಎಲ್ಲ ಸಿನಿಮಾ ಹಾಡುಗಳನ್ನು ಬಳಸಲು ಕೊಡುವುದಿಲ್ಲ. ಹಕ್ಕುಸ್ವಾಮ್ಯದ ಕಾರಣಕ್ಕೆ ವಿಡಿಯೊದ ಸದ್ದು ನಿಲ್ಲಿಸುವುದೂ, ತೆಗೆದುಹಾಕುವುದೂ ಉಂಟು. ವ್ಯಾಪಾರಕ್ಕೆಂದೇ ಅದು ಒದಗಿಸುವ ಸಂಗೀತವನ್ನು ಬಳಸಿ, ಇಲ್ಲವೇ ನಿಮ್ಮ ಅಡುಗೆಮನೆಯ ಸದ್ದನ್ನೇ ಬಿಡಿ.

ಪ್ರಶ್ನೆ: ಹಣ ಕೊಟ್ಟು ಜಾಹೀರಾತು ಮಾಡಿದರೆ ಬೇಗ ಬೆಳೆಯಬಹುದೇ?

ನಮ್ಮ ಸಂಘದ ಮೊದಲ ಜಾಹೀರಾತನ್ನು ನಾನೇ ಹಾಕಿದ್ದು. ‘ಬೂಸ್ಟ್’ ಗುಂಡಿ ಒತ್ತಿ, ಜಾಗ ಎಂದಲ್ಲಿ ಇಡೀ ಭಾರತವನ್ನು ಆರಿಸಿ, 2,000 ರೂಪಾಯಿ ಕಟ್ಟಿದೆ. ಲೈಕುಗಳು ರಾಶಿ ರಾಶಿ ಬಂದವು, ಎಲ್ಲೆಲ್ಲಿಂದಲೋ. ಆರ್ಡರ್ ಒಂದೂ ಬರಲಿಲ್ಲ. ಅದು ಹತ್ತು ಹೆಣ್ಣುಮಕ್ಕಳು ದುಡಿದ ಹಣವಾಗಿತ್ತು ಎಂಬುದನ್ನು ನೆನೆದರೆ ಈಗಲೂ ಮನಸ್ಸಿಗೆ ನೋವಾಗುತ್ತದೆ.

ಅದರಿಂದ ಕಲಿತದ್ದನ್ನು ಹೇಳುತ್ತೇನೆ. ಜಾಹೀರಾತಿಗೆ, ಹಣ ಹಾಕದೆಯೂ ಚೆನ್ನಾಗಿ ಓಡಿದ ವಿಡಿಯೊವನ್ನೇ ಆರಿಸಿಕೊಳ್ಳಿ. ಯಾರೂ ನೋಡದ ವಿಡಿಯೊಗೆ ಹಣ ಸುರಿದರೆ ಅದು ಒಳ್ಳೆಯದಾಗುವುದಿಲ್ಲ. ಗುರಿ ಎಂದಲ್ಲಿ ಲೈಕ್ ಬದಲು ‘ಸಂದೇಶ’ ಆರಿಸಿದರೆ, ಒತ್ತಿದವರು ನೇರವಾಗಿ ನಿಮ್ಮ ವಾಟ್ಸ್ಆ್ಯಪ್‌ಗೆ ಬರುತ್ತಾರೆ. ಜಾಗವನ್ನು ನೀವು ನಿಜಕ್ಕೂ ತಲುಪಿಸಬಲ್ಲ ಊರುಗಳಿಗೆ ಸೀಮಿತಗೊಳಿಸಿ. ದಿನಕ್ಕೆ 100–200 ರೂಪಾಯಿಯಂತೆ ಐದು ದಿನ ನಡೆಸಿ, ಬಂದ ಆರ್ಡರ್ ಎಣಿಸಿ, ಅನಂತರ ಮುಂದುವರಿಸುವುದೋ ಬಿಡುವುದೋ ತೀರ್ಮಾನಿಸಿ. ಜಾಹೀರಾತಿನ ಹಣಕ್ಕೆ ಶೇ 18ರಷ್ಟು ಜಿಎಸ್‌ಟಿ ಇರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಣ ಕೊಟ್ಟರೆ ಹತ್ತು ಸಾವಿರ ಫಾಲೋವರ್‌ಗಳನ್ನು ಕೊಡಿಸುತ್ತೇವೆ ಎನ್ನುವವರನ್ನು ಹತ್ತಿರ ಸೇರಿಸಬೇಡಿ. ಅವರು ಕೊಡಿಸುವ ಖಾತೆಗಳ ಹಿಂದೆ ರೊಟ್ಟಿ ತಿನ್ನುವ ಬಾಯಿಗಳಿಲ್ಲ.

ಪ್ರಶ್ನೆ: ಊಟ-ತಿಂಡಿಯ ವಿಡಿಯೊ ಮಾಡುವವರು ಹಣ ಕೇಳುತ್ತಾರೆ. ಕೊಡಬಹುದೇ?

ಲಕ್ಷಗಟ್ಟಲೆ ಜನ ನೋಡುವವರಿಗಿಂತ ನಿಮ್ಮ ಜಿಲ್ಲೆಯಲ್ಲೇ ಐದಾರು ಸಾವಿರ ಜನ ನೋಡುವವರು ಸಣ್ಣ ವ್ಯಾಪಾರಕ್ಕೆ ಹೆಚ್ಚು ಉಪಯುಕ್ತರು. ಕೊಡುವ ಮುನ್ನ ಅವರ ಹಳೆಯ ವಿಡಿಯೊಗಳ ಕೆಳಗೆ ಜನ ‘ಎಲ್ಲಿ ಸಿಗುತ್ತದೆ’ ಎಂದು ಕೇಳಿದ್ದಾರೆಯೇ, ಬರೀ ಹೃದಯದ ಚಿಹ್ನೆ ಹಾಕಿದ್ದಾರೆಯೇ ಎಂದು ನೋಡಿ. ಹಣ ಕೊಟ್ಟಿರಲಿ, ಪುಕ್ಕಟೆ ತಿನಿಸು ಕೊಟ್ಟಿರಲಿ, ಅದು ಜಾಹೀರಾತೆಂದು ಅವರು ವಿಡಿಯೊದಲ್ಲಿ ಸ್ಪಷ್ಟವಾಗಿ ತಿಳಿಸಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ವಿಡಿಯೊ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ತಿಳಿಸಬೇಕು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡವಿದೆ.

ಪ್ರಶ್ನೆ: ‘ಜೋಳದ ರೊಟ್ಟಿ ತಿಂದರೆ ಸಕ್ಕರೆ ಕಾಯಿಲೆ ವಾಸಿ’ ಎಂದು ಬರೆದರೆ ಬೇಗ ಮಾರಾಟವಾಗುತ್ತದೆ. ಬರೆಯಬಹುದೇ?

ಖಂಡಿತ ಬರೆಯಬಾರದು. ಆಹಾರವು ಕಾಯಿಲೆ ಗುಣಪಡಿಸುತ್ತದೆ ಎಂದು ಹೇಳಿ ಮಾರುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಮಾತು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಆ ಪಾಪವನ್ನು ಯಾವ ಲಾಭವೂ ತೊಳೆಯಲಾರದು. ರುಚಿಯ ಬಗ್ಗೆ, ಹಿಟ್ಟಿನ ಬಗ್ಗೆ, ಕೈಕೆಲಸದ ಬಗ್ಗೆ ಹೇಳಲು ಬೇಕಾದಷ್ಟಿದೆ.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಮಾರುವುದಕ್ಕೂ ಲೈಸೆನ್ಸ್ ಬೇಕೇ?

ಮಾರುವುದು ಆಹಾರವಾದ್ದರಿಂದ ಬೇಕು. ಅಂಗಡಿ ಇರಲಿ, ಅಡುಗೆಮನೆ ಇರಲಿ, ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಕಡ್ಡಾಯ. ಫಾಸ್ಕಾಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು. ಸಿಗುವ 14 ಅಂಕಿಗಳ ಸಂಖ್ಯೆಯನ್ನು ಪ್ಯಾಕೆಟ್ಟಿನ ಮೇಲೆ ಅಚ್ಚುಹಾಕಬೇಕು. ಅದರ ಜೊತೆಗೆ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಿಸಿದ ದಿನ, ಬಳಸಬೇಕಾದ ಅವಧಿ, ಬಳಸಿದ ಪದಾರ್ಥಗಳು, ಸಸ್ಯಾಹಾರದ ಹಸಿರು ಗುರುತು ಇರಬೇಕು. ಶೇಂಗಾ ಕೆಲವರಿಗೆ ಅಲರ್ಜಿಯಾದ್ದರಿಂದ ‘ಶೇಂಗಾ ಇದೆ’ ಎಂಬುದೂ ಕಾಣುವಂತಿರಬೇಕು. ಈ ನೋಂದಣಿ ಸಂಖ್ಯೆಯನ್ನು ಇನ್‌ಸ್ಟಾಗ್ರಾಂ ಪರಿಚಯದಲ್ಲೂ ವಾಟ್ಸ್ಆ್ಯಪ್ ಕ್ಯಾಟಲಾಗ್‌ನಲ್ಲೂ ಹಾಕಿ. ಎಂದೂ ನೋಡದ ಅಡುಗೆಮನೆಯಿಂದ ಮಕ್ಕಳಿಗೆ ತಿನ್ನಿಸಲು ತರಿಸುವ ತಾಯಿಗೆ ಅದರಷ್ಟು ಧೈರ್ಯ ಕೊಡುವ ಪೋಸ್ಟ್ ಇನ್ನೊಂದಿಲ್ಲ.

ಪ್ರಶ್ನೆ: ಯುಪಿಐನಲ್ಲಿ ಹಣ ತೆಗೆದುಕೊಂಡರೆ ತೆರಿಗೆ ನೋಟಿಸ್ ಬರುತ್ತದೆಯೇ?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಅನೇಕ ಅಂಗಡಿಗಳು ‘ನಗದು ಮಾತ್ರ’ ಎಂಬ ಬೋರ್ಡ್ ಹಾಕಿದವು. ಆ ಭಯ ಇನ್ನೂ ಉಳಿದಿದೆ. ತೆರಿಗೆ ಬೀಳುವುದು ವಹಿವಾಟಿಗೇ ಹೊರತು ಯುಪಿಐಗೆ ಅಲ್ಲ. ನಗದು ಪಡೆದರೂ ಲೆಕ್ಕ ಅದೇ. ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ಆದರೆ ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಈ ಮಿತಿ ಅನ್ವಯಿಸುವುದಿಲ್ಲ, ಮೊದಲೇ ನೋಂದಣಿ ಬೇಕು. ಪುಣೆಯಿಂದ, ಹೈದರಾಬಾದಿನಿಂದ ಆರ್ಡರ್ ಬರಲು ಶುರುವಾದಾಗ ಒಮ್ಮೆ ತೆರಿಗೆ ಸಲಹೆಗಾರರನ್ನು ಕಾಣಿ. ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇಂದೇ ಮಾಡಿಸಿ. ತಮ್ಮ ಕಳಿಸಿದ ಸಾಲದ ಹಣ, ಸಂಘದ ಉಳಿತಾಯ, ಚಟ್ನಿ ಮಾರಿದ ಹಣ ಎಲ್ಲವೂ ಒಂದೇ ಖಾತೆಯಲ್ಲಿ ಬಿದ್ದರೆ ನಾಳೆ ಯಾವುದು ಯಾವುದೆಂದು ತೋರಿಸುವುದು ಕಷ್ಟ.

ಪ್ರಶ್ನೆ: ಮೋಸ ಹೋಗದಿರುವುದು ಹೇಗೆ?

ಸೇನೆಯ ಅಧಿಕಾರಿ ಎಂದು ಹೇಳಿಕೊಂಡು, ದೊಡ್ಡ ಆರ್ಡರ್ ಕೊಟ್ಟು, ‘ಹಣ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎನ್ನುವುದು ಬಹಳ ಹಳೆಯ ಮೋಸ, ಆದರೂ ಈಗಲೂ ನಡೆಯುತ್ತಿದೆ. ಹಣ ಪಡೆಯಲು ಯಾವತ್ತೂ ಪಿನ್ ಹಾಕಬೇಕಾಗಿಲ್ಲ; ಪಿನ್ ಹಾಕಿದರೆ ಹಣ ನಿಮ್ಮಿಂದ ಹೋಗುತ್ತದೆ. ಹಣ ಕಟ್ಟಿದ ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಳಿಸಬೇಡಿ, ಬ್ಯಾಂಕ್ ಖಾತೆಗೆ ಬಿದ್ದದ್ದು ನೋಡಿ ಕಳಿಸಿ. ‘ನಿಮ್ಮ ಪುಟ ಹಕ್ಕುಸ್ವಾಮ್ಯ ಉಲ್ಲಂಘಿಸಿದೆ, ಈ ಲಿಂಕ್ ಒತ್ತಿ’ ಎಂಬ ಸಂದೇಶಗಳನ್ನು ಅಳಿಸಿಹಾಕಿ. ವಾಟ್ಸ್ಆ್ಯಪ್‌ನಲ್ಲಿ ಎರಡು ಹಂತದ ಪರಿಶೀಲನೆಯನ್ನು (ನೀವೇ ಇಟ್ಟುಕೊಂಡ ಪಿನ್ ಅನ್ನೂ ಕೇಳುವ ವ್ಯವಸ್ಥೆ) ಆನ್ ಮಾಡಿ, ಎಸ್‌ಎಂಎಸ್‌ನಲ್ಲಿ ಬರುವ 6 ಅಂಕಿಗಳ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡಮಾಡಿದಷ್ಟೂ ಹಣ ತಡೆಹಿಡಿಯುವ ಅವಕಾಶ ಕಡಿಮೆಯಾಗುತ್ತದೆ.

ಪ್ರಶ್ನೆ: ಯಾರೋ ಕೆಟ್ಟದಾಗಿ ಕಾಮೆಂಟ್ ಮಾಡಿದ್ದಾರೆ. ಅಳಿಸಬಹುದೇ?

ಬೈಗುಳವಾದರೆ ಅಳಿಸಿ. ದೂರಾದರೆ ಅಳಿಸಬೇಡಿ. ‘ರೊಟ್ಟಿ ಅರ್ಧಕ್ಕರ್ಧ ಮುರಿದು ಬಂತು’ ಎಂದು ಒಬ್ಬರು ಫೋಟೊ ಸಮೇತ ಬರೆದಾಗ, ನಮ್ಮ ಸಂಘದವರು ಅಲ್ಲೇ ಕ್ಷಮೆ ಕೇಳಿ, ಮರುದಿನವೇ ಬೇರೆ ಕಟ್ಟು ಕಳಿಸಿ, ಅಂದಿನಿಂದ ರೊಟ್ಟಿಗಳನ್ನು ಗಟ್ಟಿ ರಟ್ಟಿನ ಡಬ್ಬಿಯಲ್ಲಿ ಸುತ್ತಲೂ ಕಾಗದ ತುರುಕಿ ಕಟ್ಟಲು ಆರಂಭಿಸಿದರು. ಹೊಸ ಕಟ್ಟು ತಲುಪಿದ ಮೇಲೆ ಅದೇ ಗಿರಾಕಿ ತಮ್ಮ ಕಾಮೆಂಟಿನ ಕೆಳಗೆ ಅದನ್ನೂ ಬರೆದರು. ಆ ಎರಡು ಕಾಮೆಂಟುಗಳನ್ನು ಒಟ್ಟಿಗೆ ಓದಿ ಆರ್ಡರ್ ಕೊಟ್ಟವರು ಇದ್ದಾರೆ.

ಪ್ರಶ್ನೆ: ಗೂಗಲ್ ಮ್ಯಾಪ್‌ನಲ್ಲಿ ಹೆಸರು ಬರಬೇಕೇ?

ಗಿರಾಕಿಗಳು ಮನೆಗೇ ಬಂದು ಒಯ್ಯುವುದಾದರೆ ಅವಶ್ಯ ಬೇಕು. ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ ಶುಲ್ಕವಿಲ್ಲ. ‘ಮಾಡಿಕೊಡುತ್ತೇವೆ’ ಎಂದು ಕರೆ ಮಾಡಿ ಹಣ ಕೇಳುವವರಿಗೆ ಕೊಡಬೇಡಿ. ಮನೆ ವಿಳಾಸ ತೋರಿಸಲು ಇಷ್ಟವಿಲ್ಲದಿದ್ದರೆ ಅದನ್ನು ಮರೆಮಾಡಿ, ತಲುಪಿಸುವ ಪ್ರದೇಶವನ್ನು ಮಾತ್ರ ನಮೂದಿಸಬಹುದು.

ಪ್ರಶ್ನೆ: ಇದೆಲ್ಲ ಫಲ ಕೊಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ಆರ್ಡರ್ ಎದುರು ದಿನಾಂಕ, ಏನು, ಎಷ್ಟು, ಮತ್ತು ‘ನಮ್ಮ ಬಗ್ಗೆ ಹೇಗೆ ಗೊತ್ತಾತ್ರಿ?’ ಎಂದು ಕೇಳಿ ಬಂದ ಉತ್ತರ ಬರೆಯಿರಿ. ಎರಡನೆಯ ಸಲ ತರಿಸಿದವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯಿರಿ. ತಿಂಗಳ ಕೊನೆಗೆ ನಾನು ನೋಡುವುದು ಆ ಕೆಂಪು ಗೆರೆಗಳನ್ನು. ಫಾಲೋವರ್‌ಗಳ ಸಂಖ್ಯೆ ಹೆಚ್ಚಿ ಕೆಂಪು ಗೆರೆ ಹೆಚ್ಚದಿದ್ದರೆ ಕೊರತೆ ರುಚಿಯಲ್ಲಿದೆ, ಕಟ್ಟುವುದರಲ್ಲಿದೆ ಅಥವಾ ಉತ್ತರಿಸುವ ರೀತಿಯಲ್ಲಿದೆ. ಅದನ್ನು ಇನ್ನಷ್ಟು ವಿಡಿಯೊ ಹಾಕಿ ಸರಿಪಡಿಸಲು ಆಗುವುದಿಲ್ಲ.

ಪ್ರಶ್ನೆ: ಮಾಡುವ ಶಕ್ತಿಗಿಂತ ಹೆಚ್ಚು ಆರ್ಡರ್ ಬಂದರೆ?

ಎಳ್ಳಮಾವಾಸ್ಯೆ ಮತ್ತು ಸಂಕ್ರಾಂತಿಯ ಮುಂಚೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಗಳಿಗೆ ಹೀಗಾಗುವುದು ಖಚಿತ. ದಿನಕ್ಕೆ ಎಷ್ಟು ರೊಟ್ಟಿ ಬಡಿಯಬಲ್ಲಿರಿ ಎಂದು ಮೊದಲೇ ಲೆಕ್ಕ ಹಾಕಿ, ಆ ಸಂಖ್ಯೆ ಮುಟ್ಟಿದ ಕ್ಷಣವೇ ‘ಹಬ್ಬದ ಆರ್ಡರ್ ಮುಗಿದಿದೆ, ಇನ್ನು ಹಬ್ಬದ ನಂತರ’ ಎಂದು ಸ್ಟೇಟಸ್ ಹಾಕಿ. ಹೊರಗಿನಿಂದ ತಂದು ನಿಮ್ಮ ಪ್ಯಾಕೆಟ್ಟಿನಲ್ಲಿ ತುಂಬಬೇಡಿ, ಒಣಗದ ರೊಟ್ಟಿಯನ್ನು ಅವಸರದಲ್ಲಿ ಕಟ್ಟಬೇಡಿ. ಸಿಗದೆ ಹೋದವರ ಹೆಸರು, ನಂಬರ್ ಬರೆದಿಟ್ಟುಕೊಂಡು, ಹಬ್ಬ ಕಳೆದ ಮೇಲೆ ಮೊದಲ ಕಟ್ಟು ಸಿದ್ಧವಾದಾಗ ಎಲ್ಲರಿಗಿಂತ ಮುಂಚೆ ಅವರಿಗೆ ತಿಳಿಸಿ.